ಮೆಟ್ರೊ ಬಂತು, ಬಸ್ಸೂ ಇದೆ. ನಡುವಿನ ಐನೂರು ಮೀಟರ್ ಯಾರ ಹೊಣೆ?

ಬೆಂಗಳೂರಿನಲ್ಲಿ ನಮ್ಮ ಮೆಟ್ರೊ ಮೊದಲು ಓಡಿದ್ದು 2011ರ ಅಕ್ಟೋಬರ್ 20ರಂದು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ, ಪೂರ್ತಿ ಏಳು ಕಿಲೋಮೀಟರೂ ಇರಲಿಲ್ಲ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದಾಯಿತು. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ಮಾದಾವರ ಮುಟ್ಟಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆಯಿತು. ಮೂರೂ ಸೇರಿದರೆ ಸುಮಾರು 96 ಕಿ.ಮೀ. ಇಷ್ಟಾದರೂ ನಿಲ್ದಾಣದಿಂದ ಒಂದೂವರೆ ಕಿಲೋಮೀಟರ್ ಆಚೆ ಇರುವ ಮನೆಯವರು ಬೆಳಿಗ್ಗೆ ಗಾಡಿಯನ್ನೇ ತೆಗೆಯುತ್ತಾರೆ. ಇದಕ್ಕೆ ಜನರ ಸೋಮಾರಿತನವನ್ನು ದೂರುವುದು ಸುಲಭ, ಆದರೆ ಲೆಕ್ಕ ಹಾಕಿ ನೋಡಿದರೆ ಅವರದು ತಪ್ಪಲ್ಲ ಎಂದು ಗೊತ್ತಾಗುತ್ತದೆ.

ಒಂದು ಪಯಣವನ್ನು ಬಿಡಿಸಿ ನೋಡೋಣ. ಮನೆಯಿಂದ ನಿಲ್ದಾಣಕ್ಕೆ 1.2 ಕಿ.ಮೀ., ಮೆಟ್ರೊದಲ್ಲಿ 10 ಕಿ.ಮೀ., ಇಳಿದ ಮೇಲೆ ಕಚೇರಿಗೆ 800 ಮೀಟರ್ ಎಂದಿಟ್ಟುಕೊಳ್ಳಿ. ಸಾಮಾನ್ಯ ನಡಿಗೆ ನಿಮಿಷಕ್ಕೆ 80 ಮೀಟರ್. ಅಲ್ಲಿಗೆ ಮೊದಲ ತುದಿಗೆ 15 ನಿಮಿಷ, ಕೊನೆಯ ತುದಿಗೆ 10 ನಿಮಿಷ. ಬ್ಯಾಗ್ ತಪಾಸಣೆ, ಎಸ್ಕಲೇಟರ್, ರೈಲಿಗೆ ಕಾಯುವುದು ಎಲ್ಲ ಸೇರಿ ಏಳು ನಿಮಿಷ. ರೈಲಿನೊಳಗೆ ಸುಮಾರು 20 ನಿಮಿಷ. ಒಟ್ಟು 52 ನಿಮಿಷದಲ್ಲಿ ರೈಲು ತಿನ್ನುವುದು 20 ಮಾತ್ರ, ಉಳಿದ 32 ನಿಮಿಷ ರೈಲಿನ ಹೊರಗೇ ಕಳೆಯುತ್ತದೆ. ರೈಲಿನ ವೇಗವನ್ನು ಶೇಕಡ 10ರಷ್ಟು ಹೆಚ್ಚಿಸಿದರೆ ಎರಡು ನಿಮಿಷ ಉಳಿದೀತು. ಎರಡೂ ತುದಿಯಲ್ಲಿ 200 ಮೀಟರ್ ಸುತ್ತು ತಪ್ಪಿಸಿದರೆ ಐದು ನಿಮಿಷ ಉಳಿಯುತ್ತದೆ, ಅದೂ ಹಳಿ ಮುಟ್ಟದೆ.

ದುಡ್ಡಿನ ಲೆಕ್ಕ ಇನ್ನೂ ಖಾರ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಮೆಟ್ರೊ ಕನಿಷ್ಠ ದರ 10, ಗರಿಷ್ಠ 90 ರೂಪಾಯಿ ಆಯಿತು. 8ರಿಂದ 10 ಕಿ.ಮೀ. ದೂರಕ್ಕೆ 50. ಆಟೊ ಕನಿಷ್ಠ ದರ 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಮೇಲಿನ ಪಯಣದಲ್ಲಿ ಎರಡೂ ತುದಿಗೆ ಆಟೊ ಹಿಡಿದರೆ ಒಬ್ಬರಿಗೆ 50 ಕೂಡಿಸು 72, ಅಂದರೆ 122 ರೂಪಾಯಿ. ಇದರಲ್ಲಿ ಎರಡು ಕಿಲೋಮೀಟರ್ ಆಟೊದ ಪಾಲೇ ಹತ್ತು ಕಿಲೋಮೀಟರ್ ಮೆಟ್ರೊಗಿಂತ ಹೆಚ್ಚು. ಮನೆ ಬಾಗಿಲಿನಿಂದ ಕಚೇರಿ ಬಾಗಿಲಿಗೆ ನೇರ ಆಟೊ 12 ಕಿ.ಮೀ.ಗೆ 216. ಇಬ್ಬರು ಹೊರಟರೆ ಮೆಟ್ರೊ ಜತೆ ಆಟೊ 172, ಮೂವರಾದರೆ 222. ಮೂರನೆಯವರು ಸೇರಿದ ಕೂಡಲೇ ಮೆಟ್ರೊ ಸೋಲುತ್ತದೆ. ಇದೆಲ್ಲ ಮೀಟರ್ ಹಾಕಿದರೆ ಬರುವ ಲೆಕ್ಕ. ಹತ್ತಿರದ ದೂರಕ್ಕೆ ಮೀಟರ್ ಹಾಕುವ ಆಟೊ ಸಿಗುವುದು ಎಷ್ಟು ಕಷ್ಟ ಎಂಬುದು ಊರಿಗೇ ಗೊತ್ತು.

ತುದಿಗಳನ್ನು ಬಸ್ಸಿನಲ್ಲಿ ಕಳೆದರೆ ಚಿತ್ರವೇ ಬೇರೆ. 2025ರ ಜನವರಿಯಲ್ಲಿ ಶೇಕಡ 15 ಏರಿದ ಮೇಲೂ ಬಿಎಂಟಿಸಿ ಸಾಮಾನ್ಯ ಬಸ್ಸಿನ ಕನಿಷ್ಠ ದರ 6 ರೂಪಾಯಿ. ಎರಡು ತುದಿಗೆ 12, ಒಟ್ಟು 62. ರಾಜ್ಯದ ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಅದೂ ಇಲ್ಲ: ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆದರೆ ಆಯಿತು. ಎ.ಸಿ. ವಜ್ರ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಹಾಗಾದರೆ ಮೆಟ್ರೊ ನಿಲ್ದಾಣಕ್ಕೆ ಜನರನ್ನು ತಂದುಬಿಡುವ ಫೀಡರ್ ಬಸ್ಸನ್ನು ಎಲ್ಲರೂ ಏಕೆ ಹತ್ತುವುದಿಲ್ಲ? ಎಷ್ಟು ಹೊತ್ತು ಕಾಯಬೇಕು ಎಂಬುದು ತಿಳಿಯದಿರುವುದೇ ಮೊದಲ ಕಾರಣ. ನಡೆದರೆ ಹದಿನೈದೇ ನಿಮಿಷ. ಬಸ್ಸಿಗೆ ಕಾದರೆ ಮೂರೂ ಆಗಬಹುದು, ಇಪ್ಪತ್ತೈದೂ ಆಗಬಹುದು.

ಬಸ್ಸುಗಳು ಜೋಡಿಯಾಗಿ ಬರುವುದೇಕೆ

ಅರ್ಧ ಗಂಟೆ ಒಂದೂ ಇಲ್ಲ, ಬಂದರೆ ಒಂದೇ ನಂಬರಿನ ಎರಡು ಬೆನ್ನಿಗೆ ಬೆನ್ನು. ಇದನ್ನು ಡ್ರೈವರ್‌ಗಳ ಬೇಜವಾಬ್ದಾರಿ ಎಂದು ಬೈಯುವುದು ವಾಡಿಕೆ. ನಿಜವಾಗಿ ಇದು ರಸ್ತೆಯೇ ಹುಟ್ಟಿಸುವ ರೋಗ. ಹತ್ತು ನಿಮಿಷಕ್ಕೊಂದು ಬಿಟ್ಟ ಬಸ್ಸುಗಳಲ್ಲಿ ಒಂದು ಸಿಗ್ನಲ್‌ನಲ್ಲಿ ಮೂರು ನಿಮಿಷ ಸಿಕ್ಕಿಕೊಂಡಿತು ಅನ್ನಿ. ಮುಂದಿನ ನಿಲ್ದಾಣದಲ್ಲಿ ಆ ಮೂರು ನಿಮಿಷದಲ್ಲಿ ಸೇರಿದ ಜನರೂ ಅದಕ್ಕೇ ಹತ್ತಬೇಕು. ಒಬ್ಬರಿಗೆ ಮೂರು ಸೆಕೆಂಡ್ ಎಂದರೂ ಇಪ್ಪತ್ತು ಜನಕ್ಕೆ ಒಂದು ನಿಮಿಷ. ಹೀಗೆ ಪ್ರತಿ ನಿಲ್ದಾಣದಲ್ಲೂ ಅದು ಇನ್ನಷ್ಟು ತಡವಾಗುತ್ತದೆ. ಹಿಂದಿನದಕ್ಕೆ ಹತ್ತುವವರೇ ಇಲ್ಲ, ಅದು ಬೇಗ ಬೇಗ ಬಂದು ಮುಂದಿನದರ ಬಾಲ ಹಿಡಿಯುತ್ತದೆ. ಹತ್ತು ನಿಮಿಷಕ್ಕೊಂದರಂತೆ ಸರಿಯಾಗಿ ಬಂದರೆ ಸರಾಸರಿ ಕಾಯುವುದು ಐದು ನಿಮಿಷ. ಅವೇ ಬಸ್ಸುಗಳು ಇಪ್ಪತ್ತು ನಿಮಿಷಕ್ಕೆ ಎರಡರಂತೆ ಬಂದರೆ ಸರಾಸರಿ ಹತ್ತು. ಬಸ್ಸಿನ ಸಂಖ್ಯೆ, ಡೀಸೆಲ್, ಸಂಬಳ ಯಾವುದೂ ಬದಲಾಗಿಲ್ಲ. ಪ್ರಯಾಣಿಕರ ಪಾಲಿಗೆ ಮಾತ್ರ ಸೇವೆ ಅರ್ಧಕ್ಕೆ ಇಳಿದಿದೆ.

ಹಾಗಾಗಿ ಹೊಸ ಬಸ್ಸು ಕೊಳ್ಳುವುದರಷ್ಟೇ ಮುಖ್ಯವಾದದ್ದು ಬಸ್ಸಿಗೆ ದಾರಿ ಬಿಡಿಸುವುದು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೆಂದೇ ಒಂದು ಪಥ ಬಿಟ್ಟು ಅಡ್ಡಗಂಬಗಳನ್ನು ನೆಟ್ಟರು. ಅಡ್ಡಗಂಬಗಳು ಮುರಿದವು, ಬೇರೆ ಗಾಡಿಗಳು ನುಗ್ಗಿದವು, ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಶುರುವಾಗಿ ಪಥವೇ ಮಾಯವಾಯಿತು. ಕಂಬ ನೆಟ್ಟ ಮಾತ್ರಕ್ಕೆ ಬಸ್ ಪಥ ಉಳಿಯುವುದಿಲ್ಲ, ದಿನವೂ ಕಾಯುವವರು ಬೇಕು ಎಂಬ ಪಾಠ ಅಲ್ಲೇ ಸಿಕ್ಕಿತ್ತು. ಆ ರಸ್ತೆಯ ಕಾಮಗಾರಿ ಮುಗಿದು ಮೆಟ್ರೊ ಕಂಬಗಳ ನಡುವಿನ ಜಾಗ ಮತ್ತೆ ತೆರೆದಾಗ ಬಸ್ಸಿನ ಪಾಲನ್ನು ಮೊದಲ ದಿನವೇ ಗೆರೆ ಎಳೆದು ಕೊಡದಿದ್ದರೆ ಮತ್ತೆ ಸಿಗುವುದು ಕಷ್ಟ.

ಅಷ್ಟರವರೆಗೆ ಪ್ರಯಾಣಿಕರು ಮಾಡಬಹುದಾದ್ದು ಒಂದಿಷ್ಟಿದೆ. ಜೋಡಿ ಬಸ್ ಬಂದರೆ ಎರಡನೆಯದಕ್ಕೆ ಹತ್ತಿ. ಕೂರಲು ಜಾಗ ಸಿಗುವ ಸಾಧ್ಯತೆ ಹೆಚ್ಚು, ಎಷ್ಟೋ ಸಲ ಅದೇ ಮುಂದಿನದನ್ನು ಹಿಂದೆ ಹಾಕಿ ಹೋಗುತ್ತದೆ. ಸಂಜೆ ಹೊತ್ತು ದೊಡ್ಡ ನಿಲ್ದಾಣಗಳಲ್ಲಿ ತಂಗುದಾಣದ ನೆರಳಿನೊಳಗೇ ನಿಂತರೆ ಬಸ್ ತಪ್ಪುತ್ತದೆ. ಮೂರು ಬಸ್ ಸಾಲಾಗಿ ಬಂದಾಗ ಹಿಂದಿನವು ಇಪ್ಪತ್ತು ಮೀಟರ್ ಹಿಂದೆಯೇ ಬಾಗಿಲು ತೆರೆದು ಜನರನ್ನು ಹತ್ತಿಸಿಕೊಂಡು ಹಾಗೇ ಹೊರಟುಬಿಡುತ್ತವೆ. ಬಸ್ ಬರುವ ದಿಕ್ಕಿಗೆ ಹತ್ತು ಹದಿನೈದು ಮೀಟರ್ ಮುಂದಾಗಿ ನಿಲ್ಲುವುದು ಕ್ಷೇಮ. ಬೋರ್ಡಿನಲ್ಲಿ ಅಂಕಿ ಮಾತ್ರ ನೋಡಬೇಡಿ, ಅಕ್ಷರವನ್ನೂ ಓದಿ. 500 ಸರಣಿ ಹೊರವರ್ತುಲದ್ದು, 335 ವೈಟ್‌ಫೀಲ್ಡ್ ದಿಕ್ಕಿನದು, 365 ಬನ್ನೇರುಘಟ್ಟ ದಾರಿಯದು ಎಂಬುದು ಅಂಕಿಯಿಂದ ತಿಳಿಯುತ್ತದೆ. ಆದರೆ ಕೊನೆಯ ಅಕ್ಷರ ಬದಲಾದರೆ ಬಸ್ ನಡುದಾರಿಯಲ್ಲಿ ಬೇರೆ ಕಡೆ ತಿರುಗಬಹುದು. ದಿನಕ್ಕೆ ನಾಲ್ಕಾರು ಬಸ್ ಬದಲಿಸುವವರಿಗೆ 80 ರೂಪಾಯಿಯ ದಿನದ ಪಾಸು ಲಾಭ. ನಮ್ಮ ಬಿಎಂಟಿಸಿ ಆ್ಯಪ್‌ನಲ್ಲಿ ಬಸ್ ಎಲ್ಲಿದೆ ಎಂದು ಕಾಣುತ್ತದೆ. ಅದನ್ನು ನೋಡಬೇಕಾದ್ದು ಮನೆಯಿಂದ ಹೊರಡುವ ಮುನ್ನ. ನಿಲ್ದಾಣಕ್ಕೆ ಬಂದ ಮೇಲೆ ನೋಡಿ ಪ್ರಯೋಜನ ಕಡಿಮೆ.

ಕಾಲಡಿಯ ಮೋರಿ

ಈಗ ನಡಿಗೆಗೆ ಬರೋಣ, ಏಕೆಂದರೆ ಬಸ್ಸಿಗೂ ಮೆಟ್ರೊಗೂ ತಲುಪಿಸುವುದು ಅದೇ. ಬೆಂಗಳೂರಿನ ಹೆಚ್ಚಿನ ಫುಟ್‌ಪಾತ್‌ಗಳು ದಾರಿ ಎಂದು ಹುಟ್ಟಿದವಲ್ಲ. ಅವು ಮಳೆನೀರಿನ ಮೋರಿಗೆ ಹಾಕಿದ ಮುಚ್ಚಳ. ರಸ್ತೆ ಬದಿಗೆ ಮೋರಿ ತೋಡಿ, ಎರಡು ಕಡೆ ಗೋಡೆ ಕಟ್ಟಿ, ಮೇಲೆ ಕಲ್ಲಿನದೋ ಕಾಂಕ್ರೀಟಿನದೋ ಚಪ್ಪಡಿ ಹಾಸಿದರೆ ಫುಟ್‌ಪಾತ್ ಆಯಿತು. ಮಳೆಗಾಲಕ್ಕೆ ಮುಂಚೆ ಹೂಳು ತೆಗೆಯಲು ಆ ಚಪ್ಪಡಿಗಳನ್ನೇ ಎಬ್ಬಿಸಬೇಕು. ಒಂದೊಂದೂ ಇಬ್ಬರು ಮೂವರು ಹಾರೆ ಹಾಕಿ ಮೀಟುವಷ್ಟು ಭಾರ, ಎಬ್ಬಿಸುವಾಗಲೇ ಮೂಲೆ ಒಡೆಯುತ್ತದೆ. ಹೂಳನ್ನು ಪಕ್ಕದಲ್ಲೇ ಗುಡ್ಡೆ ಹಾಕುತ್ತಾರೆ, ಒಣಗಿದ ಮೇಲೆ ಸಾಗಿಸುವುದು ವಾಡಿಕೆ. ಚಪ್ಪಡಿ ಮರಳಿ ಕೂರುವಾಗ ಅಡಿಯಲ್ಲಿ ಒಂದು ಕಲ್ಲಿನ ಚೂರು ಸಿಕ್ಕಿಕೊಂಡರೂ ಸಾಕು, ಒಂದು ಮೂಲೆ ಎರಡು ಬೆರಳು ಮೇಲೇಳುತ್ತದೆ. ಎಡವುವುದು ಅಲ್ಲೇ. ಕಾಲಿಟ್ಟರೆ ತೂಗುವ ಚಪ್ಪಡಿ ಅದಕ್ಕಿಂತ ಅಪಾಯ, ಏಕೆಂದರೆ ಕಣ್ಣಿಗೆ ಅದು ಮಟ್ಟಸವಾಗಿಯೇ ಕಾಣುತ್ತದೆ.

ಮೋರಿಯ ಗೋಡೆ ಎತ್ತರಿಸಿದಷ್ಟೂ ಚಪ್ಪಡಿ ಎತ್ತರವಾಗುತ್ತದೆ ಎನ್ನುವುದು ಎರಡನೇ ತೊಡಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಸೌಲಭ್ಯ ಮಾರ್ಗಸೂಚಿ ಹೇಳುವ ಕರ್ಬ್, ಅಂದರೆ ರಸ್ತೆ ಕಡೆಯ ಅಂಚುಗಲ್ಲಿನ ಎತ್ತರ ಹೆಚ್ಚೆಂದರೆ 150 ಮಿಲಿಮೀಟರ್, ಅಂದರೆ ಒಂದು ಮೆಟ್ಟಿಲಿನಷ್ಟು. ನಮ್ಮಲ್ಲಿ ಅದರ ಎರಡು ಪಟ್ಟು ಎತ್ತರದ ಕರ್ಬ್‌ಗಳು ಧಾರಾಳವಾಗಿವೆ. ಅಷ್ಟು ಎತ್ತರದ ಫುಟ್‌ಪಾತನ್ನು ಮನೆ ಗೇಟಿನ ಮುಂದೆ ಕಾರು ಹತ್ತಿಸಲು ಕತ್ತರಿಸಲೇಬೇಕು. ನಮ್ಮ ಬಡಾವಣೆಗಳಲ್ಲಿ ತರ್ಟಿ ಫಾರ್ಟಿ ಸೈಟುಗಳು ಹೆಚ್ಚು. ರಸ್ತೆಗೆ 30 ಅಡಿ ಮುಖ ಎಂದರೆ ಒಂಬತ್ತು ಮೀಟರ್. ನೂರು ಮೀಟರ್ ಬೀದಿಯಲ್ಲಿ ಹನ್ನೊಂದು ಸೈಟು, ಹನ್ನೊಂದು ಗೇಟು. ಪ್ರತಿ ಗೇಟಿಗೂ ಒಂದು ಇಳಿ, ಒಂದು ಹತ್ತು. ನಿಲ್ದಾಣಕ್ಕೆ ಐನೂರು ಮೀಟರ್ ನಡೆಯುವವರು ಐವತ್ತೈದು ಸಲ ಇಳಿದು ಐವತ್ತೈದು ಸಲ ಹತ್ತಬೇಕು. ಮಂಡಿ ನೋವಿನ ಅಜ್ಜಿ, ಬಸುರಿ ಹೆಂಗಸು, ಗಾಲಿಕುರ್ಚಿಯವರು ಇದನ್ನು ಮಾಡುವುದು ಸಾಧ್ಯವೇ? ಗಟ್ಟಿಮುಟ್ಟಾದವರೂ ಮೂರನೇ ಗೇಟಿಗೆ ಬೇಸತ್ತು ರಸ್ತೆಗೆ ಇಳಿಯುತ್ತಾರೆ. ಫುಟ್‌ಪಾತ್ ಇದ್ದರೂ ಜನ ರಸ್ತೆಯಲ್ಲಿ ನಡೆಯುತ್ತಾರೆ ಎಂದು ದೂರುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಪರಿಹಾರ ಗೊತ್ತಿಲ್ಲದ್ದಲ್ಲ. ಗೇಟಿನ ಮುಂದೆಯೂ ಫುಟ್‌ಪಾತ್ ಒಂದೇ ಮಟ್ಟದಲ್ಲಿ ಮುಂದುವರಿಯಬೇಕು. ಇಳಿಜಾರು ಕರ್ಬ್‌ಗೆ ಅಂಟಿದ ಹೊರ ಅಂಚಿನಲ್ಲಿ, ಮರ ಮತ್ತು ಬೀದಿದೀಪಕ್ಕೆ ಬಿಟ್ಟ ಪಟ್ಟಿಯಲ್ಲಿ ಮಾತ್ರ ಇರಬೇಕು. ಕಾರು ಹತ್ತಿ ಇಳಿಯಲಿ, ನಡೆಯುವವರು ನೇರ ಹೋಗಲಿ. ಮಾರ್ಗಸೂಚಿ ಫುಟ್‌ಪಾತನ್ನು ಮೂರು ಪಟ್ಟಿಯಾಗಿ ಬಿಡಿಸುವುದು ಇದಕ್ಕೇ: ಕಟ್ಟಡಕ್ಕೆ ತಾಗಿದ ಅಂಚು, ನಡುವೆ ನಡೆಯುವ ಪಟ್ಟಿ, ರಸ್ತೆ ಕಡೆ ಕಂಬ ಮರ ಪೆಟ್ಟಿಗೆಗಳ ಪಟ್ಟಿ. ನಡುವಿನ ಪಟ್ಟಿ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರದವರೆಗೆ ಯಾವ ಅಡ್ಡಿಯೂ ಇಲ್ಲದೆ ಇರಬೇಕು. ಅಂಗಡಿ ಸಾಲಿನಲ್ಲಿ ಇನ್ನೂ ಅಗಲ. ಇಬ್ಬರು ಎದುರುಬದುರಾಗಿ ಭುಜ ತಾಗದೆ ದಾಟಲು ಬೇಕಾದ ಜಾಗ ಇದು. ಎರಡು ಮೀಟರ್ ಅಗಲ ಕಟ್ಟಿ ನಟ್ಟನಡುವೆ ಟ್ರಾನ್ಸ್‌ಫಾರ್ಮರ್ ಇಟ್ಟರೆ ಎರಡು ಮೀಟರ್ ಎಂದು ಲೆಕ್ಕ ಬರೆಯುವಂತಿಲ್ಲ. ಅತಿ ಇಕ್ಕಟ್ಟಾದ ಜಾಗದ ಅಳತೆಯೇ ಫುಟ್‌ಪಾತಿನ ಅಳತೆ.

ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಹೆಸರಿನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ನೀರು, ವಿದ್ಯುತ್, ಕೇಬಲ್‌ಗಳಿಗೆ ಫುಟ್‌ಪಾತಿನ ಅಡಿಯಲ್ಲಿ ಕೊಳವೆ, ನಡುನಡುವೆ ಇಳಿದು ಕೆಲಸ ಮಾಡಲು ಗುಂಡಿ. ಹೊಸ ಕೇಬಲ್ ಎಳೆಯಲು ನೆಲ ಅಗೆಯಬೇಕಿಲ್ಲ. ಖರ್ಚು ಹೆಚ್ಚು ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಎಲ್ಲ ಬೀದಿಗೂ ಅದು ಬೇಕಿಲ್ಲ ನಿಜ. ಒಂದೊಂದು ಮೆಟ್ರೊ ಗೇಟಿನ ಸುತ್ತ ಐನೂರು ಮೀಟರ್‌ಗೆ ಬೇಕೇಬೇಕು.

ಒಂದು ಸಮಸ್ಯೆಗೆ ಮಾತ್ರ ಕಟ್ಟಡ ಕೆಲಸದಲ್ಲಿ ಉತ್ತರವಿಲ್ಲ. ಫುಟ್‌ಪಾತ್ ಸಪಾಟಾದ ಕೂಡಲೇ ಸ್ಕೂಟರ್ ಹತ್ತುತ್ತದೆ. ತಡೆಯಲು ಗಿಡ್ಡ ಕಂಬ ನೆಡುತ್ತಾರೆ. ಗಾಲಿಕುರ್ಚಿ ಹೋಗಲು ಕಂಬಗಳ ನಡುವೆ ಕನಿಷ್ಠ 900 ಮಿಲಿಮೀಟರ್ ಬಿಡಬೇಕು. ಸ್ಕೂಟರಿನ ಹ್ಯಾಂಡಲ್ ಅದಕ್ಕಿಂತ ಕಿರಿದು. ಸ್ಕೂಟರನ್ನು ತಡೆಯುವ ಕಂಬ ಗಾಲಿಕುರ್ಚಿಯನ್ನೂ ತಡೆಯುತ್ತದೆ. ಇಲ್ಲಿ ಬೇಕಾದ್ದು ದಂಡ ಹಾಕುವ ಪೊಲೀಸರು, ಕ್ಯಾಮೆರಾ. ಯಾರಾದರೊಬ್ಬರ ದಾರಿ ಮುಚ್ಚಲೇಬೇಕಾದರೆ ಅದು ಗಾಲಿಕುರ್ಚಿಯವರದಾಗಬಾರದು.

ರಸ್ತೆ ದಾಟುವ ಲೆಕ್ಕ

ಸಿಗ್ನಲ್ ವಿನ್ಯಾಸದಲ್ಲಿ ನಡಿಗೆಯ ವೇಗವನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. 24 ಮೀಟರ್ ಅಗಲದ ರಸ್ತೆಗೆ 20 ಸೆಕೆಂಡ್. ವಯಸ್ಸಾದವರ ನಡಿಗೆ ಸೆಕೆಂಡಿಗೆ 0.9 ಮೀಟರ್ ಎಂದರೂ ಅವರಿಗೆ 27 ಸೆಕೆಂಡ್ ಬೇಕು. ಅವರು ದಾಟಿ ಮುಗಿಸಲು ಇನ್ನೂ ಏಳು ಸೆಕೆಂಡ್ ಬೇಕಿರುವಾಗಲೇ ಗಾಡಿಗಳು ಹಾರ್ನ್ ಹೊಡೆಯುತ್ತ ಹೊರಡುತ್ತವೆ. ನಡುವೆ ಎರಡು ಮೀಟರ್ ಅಗಲದ ನಿಲುತಾಣ ಇದ್ದರೆ ಎರಡು ಕಂತಿನಲ್ಲಿ ದಾಟಬಹುದು. ನಮ್ಮ ಡಿವೈಡರ್‌ಗಳು ಕಾಲಿಡಲೂ ಜಾಗವಿಲ್ಲದಷ್ಟು ಸಣ್ಣ. ಇದಕ್ಕೆ ಫ್ರೀ ಲೆಫ್ಟ್ ಸೇರಿದರೆ ಪಾದಚಾರಿಗೆ ಹಸಿರು ಬಿದ್ದಾಗಲೂ ಎಡಕ್ಕೆ ತಿರುಗುವ ಗಾಡಿಗಳು ನಿಲ್ಲುವುದೇ ಇಲ್ಲ.

ಸ್ಕೈವಾಕ್ ಕಟ್ಟಿದರೆ ಮುಗಿಯಿತೇ? ನಗರದ ರಸ್ತೆ ಮೇಲೆ 5.5 ಮೀಟರ್ ತೆರವು ಬಿಡಬೇಕು, ತೊಲೆಯ ದಪ್ಪ ಸೇರಿಸಿದರೆ ಆರು ಮೀಟರ್. 15 ಸೆಂಟಿಮೀಟರಿನ ಮೆಟ್ಟಿಲಾದರೆ ನಲವತ್ತು ಹತ್ತಿ ನಲವತ್ತು ಇಳಿಯಬೇಕು, ಇಪ್ಪತ್ತು ಮೀಟರ್ ರಸ್ತೆ ದಾಟಲು. ಲಿಫ್ಟ್ ಕೆಟ್ಟು ನಿಂತ ದಿನ ಅದು ಜಾಹೀರಾತಿನ ಫಲಕ ಹೊರುವ ಚೌಕಟ್ಟು ಅಷ್ಟೇ. ಎಕ್ಸ್‌ಪ್ರೆಸ್ ಹೆದ್ದಾರಿಯಂಥ ಕಡೆ ಬೇರೆ ದಾರಿಯಿಲ್ಲ, ಒಪ್ಪೋಣ. ನಗರದೊಳಗೆ ನೆಲಮಟ್ಟದಲ್ಲೇ ದಾಟಿಸಬೇಕು.

ಎತ್ತರದ ಮೆಟ್ರೊ ಮಾರ್ಗಗಳ ಹಲವು ನಿಲ್ದಾಣಗಳಲ್ಲಿ ಒಂದು ಅನುಕೂಲ ಇದೆ, ಬಹಳ ಮಂದಿ ಬಳಸುವುದಿಲ್ಲ. ಟಿಕೆಟ್ ಗೇಟಿನ ಹೊರಗಿನ ಭಾಗದಿಂದಲೇ ರಸ್ತೆಯ ಈ ಬದಿಯಿಂದ ಆ ಬದಿಗೆ ದಾಟಬಹುದು, ಟಿಕೆಟ್ ಬೇಕಿಲ್ಲ. ಹಾಗೆಯೇ ಇಳಿದ ಮೇಲೆ ಜನ ಹೋದ ಕಡೆ ಹೋಗದೆ ಎ, ಬಿ, ಸಿ ಗೇಟುಗಳ ಫಲಕ ನೋಡಿ ಹೊರಬನ್ನಿ. ತಪ್ಪು ಗೇಟಿನಲ್ಲಿ ಇಳಿದರೆ ಅದೇ ರಸ್ತೆಯನ್ನು ಕೆಳಗೆ ದಾಟುವ ಕಷ್ಟ ಮತ್ತೆ ಬರುತ್ತದೆ. ಸ್ಮಾರ್ಟ್ ಕಾರ್ಡಿಗೆ ಶೇಕಡ 5 ರಿಯಾಯಿತಿ, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಇನ್ನೊಂದು 5. ಭಾನುವಾರ ರೈಲು ಶುರುವಾಗುವುದು ಬೆಳಿಗ್ಗೆ 7ಕ್ಕೆ; ಬೆಳಗಿನ ಜಾವದ ರೈಲು, ಬಸ್ ಹಿಡಿಯುವವರು ಇದನ್ನು ಮರೆತು ಗೇಟಿನ ಮುಂದೆ ನಿಲ್ಲುವುದುಂಟು.

ಐನೂರು ಮೀಟರಿಗೆ ಎಷ್ಟು ಯಜಮಾನರು

ನಿಲ್ದಾಣದ ಗೇಟಿನವರೆಗೆ ಮೆಟ್ರೊ ನಿಗಮ. ಗೇಟಿನ ಹೊರಗೆ ಚಪ್ಪಡಿ ನಗರಪಾಲಿಕೆಯದು. ಅದರಡಿಯ ಒಳಚರಂಡಿ, ನೀರಿನ ಪೈಪು ಜಲಮಂಡಳಿಯದು, ಮೇಲಿನ ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು. ಬಸ್ಸು ಬಿಎಂಟಿಸಿಯದು, ಸಿಗ್ನಲ್ ಸಂಚಾರ ಪೊಲೀಸರದು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳು ಬಂದಿವೆ. ಒಂದೇ ಮೆಟ್ರೊ ಮಾರ್ಗದ ಫುಟ್‌ಪಾತ್‌ಗಳು ಈಗ ಬೇರೆ ಬೇರೆ ಪಾಲಿಕೆಗಳ ಕೈಯಲ್ಲಿವೆ. ಬಸ್ ನಿಲ್ದಾಣವನ್ನು ಮೆಟ್ರೊ ಗೇಟಿನ ಹತ್ತಿರಕ್ಕೆ ಐವತ್ತು ಮೀಟರ್ ಸರಿಸಬೇಕೆಂದರೂ ಮೂರ್ನಾಲ್ಕು ಕಚೇರಿಯ ಒಪ್ಪಿಗೆ ಬೇಕು.

ಇದನ್ನೆಲ್ಲ ಒಂದೇ ಮೇಜಿಗೆ ತರಲೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಆಯಿತು. ಕಾನೂನಿನ ಬಲವಿದೆ. ಆ ಬಲ ಬೀದಿಯಲ್ಲಿ ಕಾಣಬೇಕಾದರೆ ಪ್ರಾಧಿಕಾರ ಕೈಹಾಕಬೇಕಾದ ಮೊದಲ ಕೆಲಸ ಒಂದೇ ಟಿಕೆಟ್. ಇಂದು ಬಸ್ಸಿನಿಂದ ಇಳಿದು ಮೆಟ್ರೊ ಹತ್ತಿದರೆ ದರ ಮತ್ತೆ ಮೊದಲಿನಿಂದ ಶುರು, ಮೆಟ್ರೊ ಇಳಿದು ಬಸ್ ಹತ್ತಿದರೆ ಮತ್ತೊಮ್ಮೆ. ಎಲ್ಲೂ ಬದಲಿಸದೆ ಹೋಗುವವರಿಗಿಂತ ಬದಲಿಸುತ್ತ ಕಷ್ಟಪಡುವವರೇ ಹೆಚ್ಚು ಕೊಡುತ್ತಿದ್ದಾರೆ.

ನ್ಯಾಯಾಲಯದ ಮಾತೂ ಸ್ಪಷ್ಟವಾಗಿದೆ. ನಡೆಯಲು ಯೋಗ್ಯವಾದ, ಒತ್ತುವರಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಮುರಿದ ಚಪ್ಪಡಿಯ ಬಗ್ಗೆ ದೂರು ಬರೆಯುವವರು ಈ ಸಾಲನ್ನು ಸೇರಿಸಿ ಬರೆಯಲಿ. ದೂರಿನ ಜತೆಗೆ ಜಾಗದ ಗುರುತು, ಅಗಲದ ಅಳತೆ, ಕರ್ಬ್ ಎತ್ತರ ಕೊಟ್ಟರೆ ಎಂಜಿನಿಯರ್ ತಳ್ಳಿಹಾಕುವುದು ಕಷ್ಟ.

ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಗುಲಾಬಿ ಮಾರ್ಗ ಸಿದ್ಧವಾಗುತ್ತಿದೆ. ಸುಮಾರು 21 ಕಿ.ಮೀ., 18 ನಿಲ್ದಾಣ, ಅದರಲ್ಲಿ 12 ನೆಲದಡಿ. ಮೆಟ್ರೊ ರೈಲು ಸುರಕ್ಷತಾ ಆಯುಕ್ತರು ಹಳಿ, ಸಿಗ್ನಲ್, ಬೋಗಿಗಳನ್ನು ನೋಡಿ ಒಪ್ಪಿಗೆ ಕೊಡದೆ ಯಾವ ಮಾರ್ಗವೂ ತೆರೆಯುವಂತಿಲ್ಲ. ಗೇಟಿನ ಹೊರಗಿನ ಚಪ್ಪಡಿಗೆ ಅಂಥ ಪರೀಕ್ಷೆ ಇಲ್ಲ. ಇರಬೇಕು. ಗಾಲಿಕುರ್ಚಿಯಲ್ಲಿ ಒಬ್ಬರನ್ನು ಕೂರಿಸಿ ಪ್ರತಿ ಗೇಟಿನಿಂದ ಹತ್ತಿರದ ಬಸ್ ನಿಲ್ದಾಣಕ್ಕೂ, ರಸ್ತೆಯ ಆಚೆ ಬದಿಗೂ, ಐನೂರು ಮೀಟರ್ ಒಳಗಿನ ಶಾಲೆ ಆಸ್ಪತ್ರೆಗೂ ತಳ್ಳಿಕೊಂಡು ಹೋಗಲಿ. ಎಲ್ಲಿ ಎತ್ತಿ ಇಳಿಸಬೇಕಾಯಿತೋ ಅಲ್ಲಿ ಸುಣ್ಣದ ಗುರುತು ಹಾಕಲಿ. ಆ ಗುರುತುಗಳೆಲ್ಲ ಅಳಿದ ಮೇಲೆ ರೈಲು ಬಿಡಲಿ.